ಜೀವಕೋಶಕ್ಕೂ ಕಿವಿ ಇದೆಯೇ?

ಗೆಳೆಯರೇ, ಸುಗ್ಗಿಯಲ್ಲಿ ಕಣ್ಣಿಗೆ ಭತ್ತದ ಹೊಟ್ಟು ಬಿದ್ದರೆ, ಕಬ್ಬಿನ ಗರಿ ತಾಗಿದರೆ ಕಣ್ಣು ಕೆಂಪಾಗಿ ನೀರು ಸುರಿಯುತ್ತೆ. ಗಾಯವಾದ ಸುದ್ದಿ ಜೀವಕೋಶಗಳಿಗೆ ಹೇಗೆ ಮುಟ್ಟುತ್ತೆ? ತಿಳಿಯೋಣ ಬನ್ನಿ.

ಕಾರ್ನಿಯಾ ಎಂದರೇನು?
ಕಣ್ಣಿನ ಕಪ್ಪು ಭಾಗದ ಮುಂದೆ, ಗಡಿಯಾರದ ಗಾಜಿನ ಹಾಗೆ ಇರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವೆ ಇದರ ದಪ್ಪ ಸುಮಾರು ಅರ್ಧ ಮಿ.ಮೀ. ಇದರಲ್ಲಿ ರಕ್ತನಾಳಗಳಿಲ್ಲ. ಕಣ್ಣೀರಿನ ಮೂಲಕ ಗಾಳಿಯ ಆಮ್ಲಜನಕವನ್ನು ಪಡೆಯುತ್ತದೆ.

ಗ್ರಾಹಕಗಳ ಕೆಲಸ
ಜೀವಕೋಶಗಳಿಗೆ ಕಿವಿ ಇಲ್ಲ. ಆದರೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಬೀಗಕ್ಕೆ ಅದರದೇ ಕೀಲಿ ಇರುವಂತೆ, ಒಂದೊಂದು ಗ್ರಾಹಕಕ್ಕೆ ಅದಕ್ಕೆ ಹೊಂದುವ ರಾಸಾಯನಿಕ ಸಂದೇಶ ಇರುತ್ತದೆ.

1. ಗಾಯದ ಕೂಗು: ಕಾರ್ನಿಯಾದ ಹೊರಪದರದ ಕೋಶಗಳು ಒಡೆದಾಗ ಇಂಟರ್‌ಲ್ಯೂಕಿನ್-1 ಎಂಬ ವಸ್ತು ಹೊರಬರುತ್ತದೆ. ಅದು ಒಳಗಿನ ಕೋಶಗಳ ಗ್ರಾಹಕಕ್ಕೆ ಸೇರಿದ ಕೂಡಲೇ ಆ ಕೋಶಗಳು ಬಿಳಿ ರಕ್ತಕಣಗಳನ್ನು ಕರೆಯುತ್ತವೆ.

2. ಕಾವಲುಗಾರ: ಟೋಲ್ ಮಾದರಿಯ ಗ್ರಾಹಕಗಳು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಗುರುತು ಹಿಡಿಯುತ್ತವೆ.

3. ಬಲೆ: "ರಕ್ತನಾಳ ಬೆಳೆಯಲಿ" ಎನ್ನುವ ಸಂದೇಶವೂ ಕಾರ್ನಿಯಾದಲ್ಲಿದೆ. ಆದರೆ ಬಿಡಿಯಾಗಿ ಓಡಾಡುವ ಒಂದು ಗ್ರಾಹಕ ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಹೀಗಾಗಿ ಕಾರ್ನಿಯಾ ತಿಳಿಯಾಗಿ ಉಳಿಯುತ್ತದೆ. ಇಲಿಗಳ ಮೇಲಿನ ಪ್ರಯೋಗದಿಂದ 2006ರಲ್ಲಿ ಇದು ತಿಳಿದುಬಂತು.

4. ಹಾರ್ಮೋನಿನ ಮಾತು: ನಮ್ಮ ದೇಹದ ಕಾರ್ಟಿಸಾಲ್ ಹಾರ್ಮೋನು ಕೋಶದ ಒಳಗಿರುವ ಗ್ರಾಹಕಕ್ಕೆ ಸೇರಿ "ಗಲಾಟೆ ಸಾಕು" ಎನ್ನುತ್ತದೆ. ಆಗ ಉರಿ, ಊತ ಇಳಿಯುತ್ತವೆ.

ಇಲ್ಲೇ ಇದೆ ಅಪಾಯ!
ಸ್ಟೀರಾಯ್ಡ್ ಇರುವ ಕಣ್ಣಿನ ಹನಿಗಳೂ ಇದೇ ಗ್ರಾಹಕಕ್ಕೆ ಸೇರುತ್ತವೆ. ಕಾರ್ನಿಯಾ ಕಸಿ ಮಾಡಿದವರಿಗೆ ಡಾಕ್ಟರು ಇದನ್ನು ಕೊಡುತ್ತಾರೆ, ಆಗ ಒಳ್ಳೆಯದೇ. ಆದರೆ ಗರಿ, ಹೊಟ್ಟು ತಾಗಿದ ಗಾಯದಲ್ಲಿ ಶಿಲೀಂಧ್ರ ಸೇರಿರಬಹುದು. ಆಗ ಈ ಹನಿ ಹಾಕಿದರೆ ಕೆಂಪು ಇಳಿದು "ವಾಸಿಯಾಯ್ತು" ಅನ್ನಿಸುತ್ತೆ. ನಿಜವಾಗಿ ಕಾವಲುಗಾರನ ಬಾಯಿ ಕಟ್ಟಿದಂತಾಗಿ, ಶಿಲೀಂಧ್ರ ಒಳಗೊಳಗೇ ಬೆಳೆಯುತ್ತೆ. ಕೊನೆಗೆ ಕಣ್ಣಲ್ಲಿ ಹೂ ಬಿದ್ದು ದೃಷ್ಟಿಯೇ ಹೋಗಬಹುದು.

ನೆನಪಿಡಿ
* ಕಣ್ಣು ಉಜ್ಜಬೇಡಿ. ಶುದ್ಧ ನೀರಿನಿಂದ ತೊಳೆಯಿರಿ.
* ಸೊಪ್ಪಿನ ರಸ, ತಾಯಿ ಹಾಲು ಬಿಡಬೇಡಿ.
* ಮನೆಯಲ್ಲಿ ಯಾರಿಗೋ ತಂದು ಉಳಿದ ಹನಿ ಹಾಕಬೇಡಿ. ಅಂಗಡಿಯಲ್ಲಿ ಕೇಳಿ ತಂದದ್ದೂ ಬೇಡ.
* ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಏನು ತಾಗಿತು ಎಂದು ತಪ್ಪದೆ ಹೇಳಿ.

ಇದನ್ನು ಓದಿದವರು ಇವತ್ತೇ ಮನೆಗೆ ಹೋಗಿ ಅಪ್ಪ, ಅಮ್ಮ, ಅಜ್ಜಿಗೂ ಹೇಳಿ. ಹೊಲಕ್ಕೆ ಹೋಗುವವರು ಅವರೇ ಅಲ್ಲವೇ?