ಕಾಣದ ಹುಲಿಯ ಲೆಕ್ಕ

ಕಾಡಲ್ಲಿ ಎಷ್ಟು ಹುಲಿಗಳಿವೆ ಅಂತ ಹೇಳೋಕೆ ಎಲ್ಲವನ್ನೂ ನೋಡಲೇಬೇಕಾ? ಬೇಡ. ಹೈಸ್ಕೂಲಿನ ಅನುಪಾತ ನೆನಪಿದ್ದರೆ ಸಾಕು.

ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲಮಗ್ಗುಲಿನದೇ ಬೇರೆ. ಅದಕ್ಕೇ ಕಾಡುದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟುತ್ತಾರೆ. ಮೊದಲ ಸುತ್ತಿನಲ್ಲಿ 20 ಹುಲಿಗಳ ಫೋಟೋ ಸಿಕ್ಕಿತು ಅಂತಿಟ್ಟುಕೊಳ್ಳಿ. ಸ್ವಲ್ಪ ದಿನದಲ್ಲೇ ಎರಡನೇ ಸುತ್ತು: 15 ಹುಲಿ, ಅದರಲ್ಲಿ 10 ಹಳಬರು. ಅಂದರೆ ಈ ಸಲ ಸಿಕ್ಕವುಗಳಲ್ಲಿ ಮೂರರಲ್ಲಿ ಎರಡು ಪಾಲು ಮೊದಲೇ ಸಿಕ್ಕಿದ್ದವು. ಹಾಗಾದ್ರೆ ಮೊದಲಿನ ಆ 20 ಕೂಡ ಇಡೀ ಕಾಡಿನ ಹುಲಿಗಳಲ್ಲಿ ಮೂರರಲ್ಲಿ ಎರಡು ಪಾಲು ಇರಬೇಕು. ಒಟ್ಟು 30. ಫೋಟೋದಲ್ಲಿ ಕಂಡಿದ್ದು 25. ಉಳಿದ 5 ಕಾಣದೆಯೇ ಲೆಕ್ಕಕ್ಕೆ ಬಂದವು! ಆದರೆ ಕೆಲವು ಹುಲಿಗಳು ಕ್ಯಾಮೆರಾ ಇರುವ ದಾರಿಗೇ ಬರದಿದ್ದರೆ ಉತ್ತರ ಕಮ್ಮಿ ಬರುತ್ತೆ, ಅದು ಗೊತ್ತಿರಲಿ.

1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಗಳನ್ನು ಹೀಗೆ ಅಂದಾಜು ಮಾಡಿದವರು ಉಲ್ಲಾಸ ಕಾರಂತ. (ಓದಿದ್ದು ಸುರತ್ಕಲ್‌ನಲ್ಲಿ, ಮೆಕ್ಯಾನಿಕಲ್!) ಆಗ ಸರ್ಕಾರಿ ಗಣತಿ ನಡೀತಿದ್ದದ್ದು ಹೆಜ್ಜೆಗುರುತು ನೋಡಿ. ಒಂದೇ ಹುಲಿಯ ಹೆಜ್ಜೆ ಕೆಸರಲ್ಲಿ ಒಂದು ಥರ, ಒಣಮಣ್ಣಲ್ಲಿ ಇನ್ನೊಂದು ಥರ. ರಾಜಸ್ಥಾನದ ಸರಿಸ್ಕಾದಲ್ಲಿ ಆ ಗಣತಿ ಹುಲಿಗಳಿವೆ ಅನ್ನುತ್ತಲೇ ಇತ್ತು. 2005ರಲ್ಲಿ ಹುಡುಕಿದಾಗ ಒಂದೂ ಇರಲಿಲ್ಲ, ಕಳ್ಳಬೇಟೆಗಾರರು ಮುಗಿಸಿಬಿಟ್ಟಿದ್ದರು.