ಜೋಡಿ ನೋಡುವಾಗ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಸೀಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಯಿತು. ಆದರೂ ಸಾಲಿನ ನಡುವೆ ಕುಂಟೆ ಹೊಡೆಯಲು ಎತ್ತೇ ಆಗಬೇಕು ಅನ್ನುವವರಲ್ಲಿ ನಾನೂ ಒಬ್ಬ. ಸಂಕ್ರಾಂತಿ ಹೊತ್ತಿನ ಚುಂಚನಕಟ್ಟೆ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ನೋಡುತ್ತ ಕಲಿತದ್ದು ಇದು.

1. ಬಣ್ಣಕ್ಕೆ ಮೊದಲು ಬೀಜ ವಿಚಾರಿಸಿ. ಹಳ್ಳಿಕಾರ್ ಬೂದು ಮೈಯ ತಳಿ. ತಿಳಿಬೂದಿಯಿಂದ ಕಡುಬೂದಿಯವರೆಗೂ ಉಂಟು. ಹೋರಿಗೆ ಕತ್ತು, ಹಿಣಿಲು, ಭುಜ, ತೊಡೆ ಕಪ್ಪಿಟ್ಟಿರುತ್ತವೆ. ಬೀಜ ಒಡೆಸಿದ ಮೇಲೆ ಆ ಕಪ್ಪು ಬರಬರುತ್ತ ತಿಳಿಯಾಗುತ್ತದೆ. ಒಂದನ್ನು ಒಡೆಸಿ ಇನ್ನೊಂದನ್ನು ಹಾಗೇ ಬಿಟ್ಟಿದ್ದರೆ ಇವತ್ತು ಒಪ್ಪವಾಗಿ ಕಂಡ ಜೋಡಿ ಮುಂದೆ ಬೇರೆ ಬೇರೆ ಬಣ್ಣವಾದೀತು. ತಮಿಳುನಾಡಿನ ಕಂಗಾಯಂ ತಳಿಯ ಕರುವಂತೂ ಕೆಂಪಾಗಿ ಹುಟ್ಟಿ ಕೆಲವೇ ತಿಂಗಳಲ್ಲಿ ಬೂದಿಗೆ ತಿರುಗುತ್ತದೆ.

2. ಕೂದಲಿಗಿಂತ ಚರ್ಮ ಮುಖ್ಯ. ಮೂತಿ, ರೆಪ್ಪೆ, ಗೊರಸು, ಬಾಲದ ಕುಚ್ಚು ಕಪ್ಪಾಗಿರಲಿ. ತಿಳಿ ಕೂದಲು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಅಡಿಯ ಕಪ್ಪು ಚರ್ಮ ಸುಡದಂತೆ ಕಾಯುತ್ತದೆ. ಗಂಗೆದೊಗಲು ತೆಳ್ಳಗಿರಬೇಕು, ಚರ್ಮ ಜೋಲದೆ ಮೈಗೆ ಅಂಟಿದಂತಿರಬೇಕು.

3. ಕೊಂಬು ಹೆರೆದು ಎಣ್ಣೆ ಹಚ್ಚಿದ್ದರೆ ಅದು ಮಾರುವವನ ಕೈಗುಣ. ಬುಡ ನೋಡಿ: ಎರಡೂ ನೆತ್ತಿಯಲ್ಲಿ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮುಂದಕ್ಕೆ ತಿರುಗಿರಬೇಕು.

4. ಹಲ್ಲು ನೋಡಲು ನಾಚಿಕೆ ಬೇಡ. ಎರಡು ಹಲ್ಲಿನದನ್ನು ಪಳಗಿಸಬಹುದು. ಬಾಯಿಗೂಡಿದ್ದಕ್ಕೆ ಕೆಲಸ ಬರುತ್ತದೋ ಇಲ್ಲವೋ, ನೊಗ ಹೂಡಿಸಿ ತಿಳಿಯಿರಿ.

5. ನಡೆಸಿ ನೋಡದೆ ಬೆಲೆ ಕುದುರಿಸಲು ಟವೆಲ್ ಕೆಳಗೆ ಕೈ ಕೊಡಬೇಡಿ. ಈ ಸೀಮೆಯ ದನಕ್ಕೆ ಬೆಲೆ ಬಂದದ್ದೇ ನಡಿಗೆಯಿಂದ. ಹಳ್ಳಿಕಾರ್ ರಕ್ತವಿರುವ ಅಮೃತಮಹಲ್ ಎತ್ತುಗಳು ಫಿರಂಗಿ ಎಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಮಂದೆ ಈಸ್ಟ್ ಇಂಡಿಯಾ ಕಂಪನಿ ಕೈಸೇರಿತು, ಹುಣಸೂರು ಅದರ ಠಾಣೆಯಾಯಿತು. ಖರ್ಚು ಉಳಿಸುತ್ತೇವೆಂದು 1860ರಲ್ಲಿ ಮಂದೆ ಮಾರಿದರು. ಅಂಥ ಎತ್ತು ಬೇರೆಲ್ಲೂ ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು. ಸರ್ಕಾರದ ಲೆಕ್ಕಾಚಾರ ಆಗಲೂ ಹಾಗೇ ಇತ್ತು! ಜೋಡಿ ನಡೆಸುವಾಗ ಹಿಂಗಾಲು ಮುಂಗಾಲಿನ ಹೆಜ್ಜೆ ಮುಟ್ಟುತ್ತದೆಯೇ, ಎರಡೂ ಒಂದೇ ವೇಗದಲ್ಲಿ ನಡೆಯುತ್ತವೆಯೇ ಎಂದು ಹಿಂದಿನಿಂದಲೂ ನೋಡಿ. ಬಣ್ಣ ಹೊಂದಿ ಹೆಜ್ಜೆ ಹೊಂದದಿದ್ದರೆ ಜೋರಿನದು ನೊಗವನ್ನೆಲ್ಲ ತಾನೇ ಹೊರುತ್ತದೆ, ಹೆಗಲು ಹುಣ್ಣಾಗುತ್ತದೆ. ಲಾಳದ ಲೆಕ್ಕವೂ ಇದೆ: ಕುದುರೆಗೆ ನಾಲ್ಕು ಲಾಳ ಸಾಕು. ಗೊರಸು ಸೀಳಿರುವ ಎತ್ತಿಗೆ ನಾಲ್ಕೂ ಕಾಲಿಗೆ ಎಂಟು. ಆ ಖರ್ಚನ್ನೂ ಬೆಲೆಯೊಳಗೆ ಹಿಡಿಯಿರಿ.

6. ಮೈಮೇಲಿನ ಕೂದಲ ಸುಳಿ ನನ್ನ ಹೊಲ ಉತ್ತದ್ದು ಕಂಡಿಲ್ಲ. ಆದರೆ ಕೆಟ್ಟ ಸುಳಿ ಅನ್ನಿಸಿಕೊಂಡ ಎತ್ತನ್ನು ನಾಳೆ ಮಾರುವುದು ಕಷ್ಟ. ಹಾಗಾಗಿ ಮಿಕ್ಕದ್ದೆಲ್ಲ ಸರಿಯಿದ್ದರೆ, ಸುಳಿಯ ನೆಪ ಹೇಳಿ ಬೆಲೆ ಇಳಿಸಿ, ಹೊಡೆದುಕೊಂಡು ಬನ್ನಿ.