ಹಳೇ ಮನೆ ಬರೆಯೋಣ, ಇತಿಹಾಸ ಓದೋಣ

ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಹಾಗಾಗಿ ಕನ್ನಡದಲ್ಲಿ ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಸ್ಕೂಲಿನಲ್ಲಿ ಬ್ರಿಟಿಷರ ಇತಿಹಾಸ ಅಂದರೆ ನನಗೆ ಇಸವಿಗಳ ಲಿಸ್ಟು. 1757 ಪ್ಲಾಸಿ, 1799 ಶ್ರೀರಂಗಪಟ್ಟಣ, 1857 ಸಿಪಾಯಿ ದಂಗೆ. ಪರೀಕ್ಷೆ ಮುಗಿದ ಮೇಲೆ ಎಲ್ಲಾ ಮರೆತೆ. ಅದೇ ಇತಿಹಾಸ ಮತ್ತೆ ಸಿಕ್ಕಿದ್ದು ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ, ನಮ್ಮ ಅಜ್ಜಿ ಮನೆ ಸೂರಿನ ಮೇಲೆ.

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ, ಚಿಕ್ಕಪ್ಪ ಸೇರಿ ಒಂದು ತೀರ್ಮಾನ ಮಾಡಿದ್ದರು. ಯುಗಾದಿ ಆದ ಮೇಲೆ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟೋದು. ಬೇಡ ಅನ್ನೋಕೆ ನನ್ನ ಹತ್ತಿರ ಕಾರಣ ಇರಲಿಲ್ಲ. ಮಳೆ ಬಂದರೆ ನಾಲ್ಕು ಕಡೆ ಪಾತ್ರೆ ಇಡಬೇಕು. ಆದರೆ ಫಸ್ಟ್ ಇಯರ್‌ನಲ್ಲಿ ಕಲಿತ ಇಂಜಿನಿಯರಿಂಗ್ ಡ್ರಾಯಿಂಗ್ ಕೈಯಲ್ಲಿತ್ತು. ಕೆಡವೋ ಮೊದಲು ಒಂದ್ಸಲ ಬರೆದಿಡೋಣ ಅನ್ನಿಸಿತು. ನಮ್ಮ ಭಾಷೆಯಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ‘ಬರೆಯೋದು’ ಒಂದೇ ಮಾತು. ನಾನು ಎರಡನ್ನೂ ಮಾಡಿದೆ. ಹೇಗೆ ಮಾಡಿದೆ ಅಂತ ಹೇಳ್ತೀನಿ, ನೀವೂ ಮಾಡಿ ನೋಡಿ.

1. ಮೊದಲು ಅಳೆದು ಬರೆಯಿರಿ

ಬೇಕಾಗಿರೋದು ಒಂದು ಟೇಪು, ಪೆನ್ಸಿಲ್, ಎ3 ಹಾಳೆ. ಫೋಟೋ ಸಾಕಲ್ವಾ ಅಂತ ಕೇಳಬಹುದು. ಫೋಟೋದಲ್ಲಿ ಗೋಡೆಯ ದಪ್ಪ ಬರಲ್ಲ. 1:50 ಸ್ಕೇಲಿನಲ್ಲಿ ಪ್ಲಾನ್ ಹಾಕುವಾಗ ಜಗಲಿ ಕಡೆ ಗೋಡೆ 60 ಸೆಂಟಿಮೀಟರ್, ಅಂದರೆ ಹಾಳೆಯ ಮೇಲೆ 12 ಮಿಲಿಮೀಟರ್ ಬಂತು. ಪಕ್ಕದ ಕೋಣೆ ಗೋಡೆ ಬರೀ 7 ಮಿಲಿಮೀಟರ್. ತಪ್ಪಾಗಿ ಅಳೆದೆ ಅಂತ ಮತ್ತೆ ಟೇಪು ಹಿಡಿದೆ. ಮತ್ತೆ 35 ಸೆಂಟಿಮೀಟರೇ ಬಂತು. ಅಜ್ಜಿಯನ್ನು ಕೇಳಿದೆ. ‘ಆ ಕ್ವಾಣೆ ನಾನು ಮದ್ವಿ ಆಗಿ ಬಂದಾಗ ಎಲ್ಲಿತ್ತು? ಆಮ್ಯಾಲೆ ಕಟ್ಟಿದ್ದು’ ಅಂದರು. ಇಪ್ಪತ್ತು ರಜೆ ಅದೇ ಕೋಣೆಯಲ್ಲಿ ಮಲಗಿದ್ದೇನೆ, ಯಾವತ್ತೂ ಈ ಪ್ರಶ್ನೆ ಬಂದಿರಲಿಲ್ಲ.

2. ಕಟ್ಟಡದ ಮೇಲಿನ ಅಕ್ಷರ ಹುಡುಕಿ

ನಮ್ಮ ಮನೆ ಹಿಂಭಾಗ ಮಣ್ಣಿನ ಮಾಳಿಗೆ, ಮುಂಭಾಗ ಹಂಚು. ಸೆಕ್ಷನ್ ಬರೆಯೋಕೆ ಹಂಚಿನ ಅಳತೆ ಬೇಕಿತ್ತು. ಜಾರಿ ಬಿದ್ದಿದ್ದ ಒಂದನ್ನು ತಿರುಗಿಸಿ ನೋಡಿದರೆ ಇಂಗ್ಲಿಷ್‌ನಲ್ಲಿ ಉಬ್ಬಕ್ಷರ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865, ಮಂಗಳೂರು. ಅಜ್ಜಿಗೆ ಓದಿ ಹೇಳಿದೆ. ‘ಹಂಚಿನ ಮ್ಯಾಲೂ ಓದಾದು ಐತೇನೋ ತಮ್ಮಾ?’ ಅಂತ ನಕ್ಕರು.

ನಾನಂತೂ ನಮ್ಮ ಮನೆ 1865ರದ್ದು ಅಂತ ಫ್ಯಾಮಿಲಿ ಗ್ರೂಪಿಗೆ ಮೆಸೇಜ್ ಹಾಕಿಯೇ ಬಿಟ್ಟೆ. ಆಮೇಲೆ ಓದಿದಾಗ ಗೊತ್ತಾಯ್ತು, 1865 ಆ ಕಾರ್ಖಾನೆ ಶುರುವಾದ ವರ್ಷ. ಆ ಹಂಚು ಸುಟ್ಟ ವರ್ಷ ಅಲ್ಲ. ಅಂಗಡಿ ಬೋರ್ಡಿನಲ್ಲಿರುವ ಇಸವಿ ನೋಡಿ ಒಳಗಿನ ಬಿಸ್ಕತ್ತಿನ ವಯಸ್ಸು ಹೇಳಿದ ಹಾಗಾಯಿತು. ಗ್ರೂಪಿನಲ್ಲಿ ತಿದ್ದುಪಡಿ ಹಾಕಬೇಕಾಯಿತು.

ಮಾರನೇ ದಿನ ಇನ್ನೊಂದಷ್ಟು ಹಂಚು ತಿರುಗಿಸಿದೆ. ಕೆಲವದರ ಮೇಲೆ ಬೇರೆ ಹೆಸರು: ಕಾಮನ್‌ವೆಲ್ತ್ ಟ್ರಸ್ಟ್. ಇದು ಯಾಕೆ ಅಂತ ಹುಡುಕಿದಾಗ ಮೊದಲನೇ ಮಹಾಯುದ್ಧ ಸಿಕ್ಕಿತು. ಬಾಸೆಲ್ ಮಿಷನ್ ಸ್ವಿಟ್ಜರ್‌ಲ್ಯಾಂಡಿನ ಸಂಸ್ಥೆ, ಅದರಲ್ಲಿ ಜರ್ಮನ್ನರು ತುಂಬಾ ಜನ ಇದ್ದರು. ಜರ್ಮನಿ ಬ್ರಿಟಿಷರ ಶತ್ರು ದೇಶ. ಹಾಗಾಗಿ ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಅಂದರೆ ನಮ್ಮ ಸೂರಿಗೆ ಯುದ್ಧ ಆದ ಮೇಲೂ ಹಂಚು ಹಾಕಿದ್ದಾರೆ. ಯುರೋಪಿನ ಯುದ್ಧಕ್ಕೂ ಬಸವಾಪಟ್ಟಣದ ಸೋರುವ ಮನೆಗೂ ಇರುವ ಸಂಬಂಧ ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ನಾನು ಓದಿರಲಿಲ್ಲ.

ಇನ್ನೊಂದು ವಿಷಯ. ಆಗ ಬಸವಾಪಟ್ಟಣ ಮೈಸೂರು ಮಹಾರಾಜರ ಸಂಸ್ಥಾನದಲ್ಲಿತ್ತು. ಮಂಗಳೂರು ನೇರ ಬ್ರಿಟಿಷರ ಕೈಯಲ್ಲಿದ್ದ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಈ ಹಂಚು ಘಟ್ಟವನ್ನೂ ಗಡಿಯನ್ನೂ ದಾಟಿ ಬಂದಿದೆ.

3. ಈಗ ಓದಿ, ಆದರೆ ಬರೆದವರು ಯಾರು ಅಂತ ಕೇಳಿ

ಮನೆ ಮುಗಿದ ಮೇಲೆ ಊರಿನ ಕೋಟೆ ಕಡೆ ಹೋದೆ. ಬಸವಾಪಟ್ಟಣ ಪಾಳೆಯಗಾರರ ರಾಜಧಾನಿಯಾಗಿದ್ದ ಊರು. ಇದರ ಬಗ್ಗೆ ಓದಬೇಕಾದರೆ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ನೋಡಬಹುದು. ಪರಿಷ್ಕರಿಸಿದ ಆವೃತ್ತಿ ಬಂದಿದ್ದು 1897ರಲ್ಲಿ. ಒಂದು ಟಿಪ್: ದಾವಣಗೆರೆ ಅಂತ ಹುಡುಕಿದರೆ ಸಿಗಲ್ಲ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ರೈಸ್ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳಿವೆ.

ಓದುವಾಗ ಒಂದು ಎಚ್ಚರ ಬೇಕು. ಬ್ರಿಟಿಷರು ಬರೆದಿದ್ದಕ್ಕೆ ಅವರದೇ ಕಾರಣ ಇತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಾಲಿನ್ ಮೆಕೆಂಜಿಯನ್ನು ಮೈಸೂರಿನ ಸರ್ವೇಗೆ ನೇಮಿಸಿದರು. ನಕ್ಷೆ ಬೇಕಿದ್ದದ್ದು ಹೊಸದಾಗಿ ಕೈಗೆ ಬಂದ ಸೀಮೆಯನ್ನು ತಿಳಿಯೋಕೆ. ಆದರೆ ಮೆಕೆಂಜಿಗೆ ಕಾವಲಿ ಬೊರಯ್ಯನಂಥ ದೇಶೀ ಸಹಾಯಕರು ಇಲ್ಲದಿದ್ದರೆ ಊರೂರಿನ ಕೈಫಿಯತ್ತು ಸಿಗುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಸೀಮೆಯದೇ. 1830ರಲ್ಲಿ ಕಂದಾಯದ ಕಾಟ ತಾಳದೆ ನಗರ ಸೀಮೆಯ ರೈತರು ಕೂಟ ಸೇರಿ ದಂಗೆ ಎದ್ದರು. 1831ರಲ್ಲಿ ಹೊನ್ನಾಳಿ ಕೋಟೆಯಲ್ಲೂ ಕಾದಾಟ ನಡೆಯಿತು. ದಂಗೆ ಅಡಗಿಸಲು ಕಂಪನಿ ಸೈನ್ಯವೂ ಬಂತು. ಅದೇ ದಂಗೆಯನ್ನು ಕಾರಣ ಮಾಡಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲೇ ಮೈಸೂರಿನ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಂಡ. ವಾಪಸ್ ಕೊಟ್ಟಿದ್ದು 1881ರಲ್ಲಿ, ಐವತ್ತು ವರ್ಷ ಆದ ಮೇಲೆ. ಹೊನ್ನಾಳಿ ಕಡೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ, ಕಿವಿಯಲ್ಲಿ ಇಯರ್‌ಫೋನು.

4. ಕೊನೆಗೆ ನಿಮ್ಮ ಮಾತಲ್ಲಿ ಬರೆದಿಡಿ

ಕೋಟೆ, ಕಂದಾಯ ಬ್ರಿಟಿಷರ ಕಾಗದದಲ್ಲಿ ಇವೆ. ನಾನು ಓದಿದ ಪುಟಗಳಲ್ಲಿ ಅಜ್ಜಿ ಮನೆಯಂಥ ಮನೆ ಸಿಗಲಿಲ್ಲ. ಅದನ್ನು ಬರೆಯಬೇಕಾದವರು ನಾವೇ. ಪ್ಲಾನ್ ಮೇಲೆ ನಾನು ಮೊದಲು ‘ಹಾಲ್’, ‘ಬೆಡ್‌ರೂಮ್’ ಅಂತ ಹಾಕಿದ್ದೆ. ಅಜ್ಜಿ ಬೆರಳಿಟ್ಟು ಒಂದೊಂದೇ ಹೆಸರು ಹೇಳಿದರು: ಜಗಲಿ, ಪಡಸಾಲೆ, ನಡುಮನೆ, ಬಚ್ಚಲು. ಅಳಿಸಿ ಮತ್ತೆ ಕನ್ನಡದಲ್ಲಿ ಬರೆದೆ. ಪಡಸಾಲೆಯ ‘ಳ’ನೋ ‘ಲ’ನೋ ಅಂತ ಅಮ್ಮನನ್ನು ಕೇಳಬೇಕಾಯಿತು. ಹಾಳೆಯಲ್ಲಿ ದಿನಾಂಕ, ಸ್ಕೇಲು, ಉತ್ತರ ದಿಕ್ಕು ಹಾಕೋದು ಮರೀಬೇಡಿ. ಯಾರು ಏನು ಹೇಳಿದರು ಅನ್ನೋದನ್ನು ಬೇರೆಯಾಗಿ ಗುರುತು ಮಾಡಿ. ನಿಮ್ಮ ಊಹೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಇಲ್ಲದಿದ್ದರೆ ನನ್ನ 1865ರ ಕಥೆ ಆಗುತ್ತೆ.

ಯುಗಾದಿಗೆ ಇನ್ನು ಸ್ವಲ್ಪ ದಿನ ಇದೆ. ಮನೆ ಉಳಿಯಲ್ಲ, ಅದು ನನಗೂ ಗೊತ್ತು. ಎರಡು ಕಂಪನಿಯ ಹಂಚು ಒಂದೊಂದು ಎತ್ತಿಡಿ ಅಂತ ಚಿಕ್ಕಪ್ಪನಿಗೆ ಹೇಳಿದ್ದೀನಿ. ಡ್ರಾಯಿಂಗಿನ ಒಂದು ಪ್ರತಿ ಅಜ್ಜಿ ಹತ್ತಿರ ಇದೆ. ಮನೆಗೆ ಯಾರು ಬಂದರೂ ತೆಗೆದು ತೋರಿಸ್ತಾರಂತೆ.

ಈ ಸೆಮಿಸ್ಟರ್ ರಜೆಯಲ್ಲಿ ನಿಮ್ಮೂರಿನ ಒಂದು ಹಳೇ ಕಟ್ಟಡ ಬರೆದು ತನ್ನಿ. ಮನೆ, ಶಾಲೆ, ಬಾವಿ ಏನಾದರೂ ಸರಿ. ಮುಂದಿನ ಸಂಚಿಕೆಯಲ್ಲಿ ಎಲ್ಲಾ ಸೇರಿಸಿ ಹಾಕೋಣ.